ಮಚ್ಛೆಯ ಅಚ್ಚಿನ ಕೋಣೆಯಲ್ಲಿ ಆರ್‌ಪಿಸಿ

ವೆಬ್ ಆ್ಯಪ್ ತನ್ನ ಸರ್ವರ್ ಜೊತೆ ಮಾತಾಡಲು ಎರಡು ದಾರಿಗಳಿವೆ. ಕೆಲಸಕ್ಕೊಂದು ಹೆಸರಿಟ್ಟು, ಆ ಹೆಸರು ಹಿಡಿದು ಸರ್ವರ್ ಅನ್ನು ಕೂಗುವುದು ಆರ್‌ಪಿಸಿ. ವಸ್ತುವಿಗೊಂದು ವಿಳಾಸ ಕೊಟ್ಟು, ನೋಡು, ಸೇರಿಸು, ಬದಲಿಸು, ತೆಗೆ ಎಂಬ ನಾಲ್ಕೇ ಮಾತಿನಲ್ಲಿ ಮುಗಿಸುವುದು ರೆಸ್ಟ್. ನಾನು ಹಟಮಾರಿ ಆರ್‌ಪಿಸಿ ಪಕ್ಷದವನು. ಮಚ್ಛೆ ಎಂಬ ಊರಿನ ಒಂದು ಎರಕದ ಕಾರ್ಖಾನೆಯ ಮರದ ಅಚ್ಚುಗಳಿಗಾಗಿ ವೆಬ್ ಆ್ಯಪ್ ಮಾಡುವಾಗ ಅಚ್ಚು ಕೊಡು, ವಾಪಸ್ ತಗೋ, ಜಾಗ ಬದಲಿಸು ಅಂತ ನಲವತ್ತು ಕರೆ ಬರೆದು, ಒಂದೊಂದಕ್ಕೂ ಪರದೆಯ ಮೇಲೆ ಹೆಸರಿನ ಬಟನ್ ಇಟ್ಟಿದ್ದೆ.

ಅಚ್ಚಿನ ಕೋಣೆ ನೋಡಿಕೊಳ್ಳುವ ಗಂಗವ್ವ ದಿನಾ ಖಾನಾಪುರದಿಂದ ಬರುವವರು. ಅವರು ಒಪ್ಪಿದರೆ ಮಾತ್ರ ಆ್ಯಪ್ ಬಳಸುವುದು ಎಂದು ಮಾಲೀಕರು ಮೊದಲೇ ಹೇಳಿದ್ದರು.

ಗಂಗವ್ವ ಪರದೆ ನೋಡಿ, "ಇಷ್ಟೆಲ್ಲಾ ಹೆಸರು ಯಾರು ನೆನಪಿಡಬೇಕ್ರಿ ಸರ?" ಅಂದರು.

"ಮತ್ತ ನೀವು ಹೆಂಗ ಮಾಡ್ತೀರಿ ಅಕ್ಕಾರ?" ಅಂದೆ, ಸಿಟ್ಟು ನುಂಗಿಕೊಂಡು.

"ಒಂದೊಂದು ಅಚ್ಚಿಗೂ ನಂಬರ ಐತಿ. ನಂಬರ ಹೇಳ್ರಿ, ಒಯ್ತೀರೋ ಇಡ್ತೀರೋ ಹೇಳ್ರಿ. ಮುಗೀತು. ಹೊಸಬರೂ ಒಂದ ದಿನದಾಗ ಕಲೀತಾರ."

ಇದು ಅಪ್ಪಟ ರೆಸ್ಟ್. ಸೋಲೊಪ್ಪಲು ಮನಸ್ಸಿಲ್ಲದೆ, "ಅಚ್ಚು ಬಿರುಕು ಬಿಟ್ರ ಏನ್ ಮಾಡ್ತೀರಿ?" ಎಂದೆ.

ಗಂಗವ್ವ ಬಾಗಿಲಿಗೆ ತಿರುಗಿ, "ಬಸಪ್ಪಣ್ಣಾ, ಹನ್ನೆರಡು ನಂಬರ ಬಿರುಕು ಬಿಟ್ಟೈತಿ, ರಿಪೇರಿ ಮಾಡಾಕ ಬರ್ರಿ!" ಎಂದು ಕೂಗಿದರು.

"ಬಂದ್ನಿ ತಂಗೀ!" ಎಂದಿತು ಹೊರಗಿನಿಂದ ಬಡಗಿಯ ದನಿ.

"ಅದಕ್ಕಷ್ಟ ಒದರಬೇಕ್ರಿ," ಎಂದು ಗಂಗವ್ವ ನಕ್ಕರು.

ನಾನೂ ನಕ್ಕೆ; ಹೆಸರು ಹಿಡಿದು ಕೂಗಿದ ಆ ಕೂಗು ನನ್ನ ಆರ್‌ಪಿಸಿಯೇ. ಮೂವತ್ತೊಂಬತ್ತು ಕರೆ ಅಳಿಸಿ, ಅಚ್ಚುಗಳಿಗೆಲ್ಲ ಅವುಗಳ ನಂಬರನ್ನೇ ವಿಳಾಸವಾಗಿ ಕೊಟ್ಟೆ. ರಿಪೇರಿಯ ಕರೆಯೊಂದನ್ನು ಮಾತ್ರ ಉಳಿಸಿದೆ. ಈಗ ಗಂಗವ್ವ ಆ ಬಟನ್ ತಪ್ಪದೆ ಒತ್ತುತ್ತಾರೆ, ಒತ್ತಿದ ಮೇಲೆ ಒದರುವುದನ್ನೂ ಬಿಟ್ಟಿಲ್ಲ. ಸರ್ವರ್ ಉತ್ತರ ಕೊಡುವಷ್ಟರಲ್ಲಿ ಬಸಪ್ಪಣ್ಣ ಉಳಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.