ನಡುವಿನ ಹಾದಿಯ ಚಾಚಾ

ಮೊನ್ನೆ ಶಹಾಪುರದ ಗುಜರಿ ಅಂಗಡಿಯ ಮುಂದೆ ಉದ್ದ ಮೂತಿಯ ಅಲ್ಯೂಮಿನಿಯಂ ತಂಬಿಗೆಯೊಂದು ಬಿದ್ದಿತ್ತು. ನೋಡಿದ ಕೂಡಲೇ ಚಾಚಾ ನೆನಪಾದರು. ಹಿಂದೆಯೇ ಬಾಯಿ ಕಹಿಯಾಯಿತು.

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಕಾಲುವೆಗೆ ನೀರು ಬಿಡುವ ಕೆಲಸದಿಂದ ನಿವೃತ್ತರಾಗಿ, ಸಂಜೆ ಮಸೀದಿಯಲ್ಲಿ ಮಕ್ಕಳಿಗೆ ಕುರಾನ್ ಓದಲು ಕಲಿಸುತ್ತಿದ್ದರು. ನಾನು ಲಿಂಗಾಯತರ ಮನೆಯ ಹುಡುಗಿ; ಅವರ ಕಟ್ಟೆಯ ಮೇಲೆ ಕುಳಿತು ಉರ್ದು ಅಕ್ಷರ ಕಲಿತೆ. ನಮಾಜಿಗೆ ಮುಂಚೆ ಅಂಥದೇ ಒಂದು ತಂಬಿಗೆ ನೀರಿನಲ್ಲಿ ಅವರ ಕೈಕಾಲು, ಮುಖ ತೊಳೆಯುವುದೆಲ್ಲ ಮುಗಿಯುತ್ತಿತ್ತು. ಪಕ್ಕದಲ್ಲೇ ಇಷ್ಟು ದೊಡ್ಡ ಕಾಲುವೆ ಹರಿಯುವಾಗ ಯಾಕೀ ಜಿಪುಣತನ ಎಂದು ಒಮ್ಮೆ ಕೇಳಿದ್ದೆ.

“ಹೊಳಿ ದಂಡಿ ಮ್ಯಾಲ ಕುಂತರೂ ನೀರು ಹಾಳು ಮಾಡಬ್ಯಾಡ್ರಿ ಅಂತ ನಮ್ಮ ಪೈಗಂಬರರು ಹೇಳ್ಯಾರ ಬೇಟಿ. ಯಾವುದೂ ಅತಿ ಆಗಬಾರ್ದು, ಭಕ್ತಿನೂ. ನಮ್ದು ನಡುವಿನ ಹಾದಿ.”

ಆ ಹಾದಿಯಲ್ಲಿ ಅವರನ್ನು ಯಾರೂ ನಡೆಯಗೊಡಲಿಲ್ಲ…

ಕೆಲವು ವರ್ಷಗಳ ಹಿಂದೆ ಮಸೀದಿಗೆ ಹೊರಗಿನಿಂದ ಬಂದ ಯುವಕನೊಬ್ಬ, ನಮ್ಮಂಥವರ ಮನೆಯಲ್ಲಿ ಹಬ್ಬದೂಟ ಉಂಡ ಮಕ್ಕಳನ್ನು ಎದ್ದು ನಿಲ್ಲಿಸಿ ಬೈದ. ನೆರೆಯವರ ಹಕ್ಕು ದೊಡ್ಡದು, ದೀನಿನಲ್ಲಿ, ಅಂದರೆ ಧರ್ಮದಲ್ಲಿ, ಜಬರ್ದಸ್ತಿ ಇಲ್ಲ ಎಂದು ಚಾಚಾ ಅಡ್ಡ ನಿಂತರು. ಮರುವಾರವೇ ಪಾಠ ಅವರ ಕೈತಪ್ಪಿತು. ಮಸೀದಿಯ ಹಿರಿಯರೆಲ್ಲ ತಲೆ ತಗ್ಗಿಸಿ ಕೂತರಂತೆ. ಥೂ, ಎಂಥ ಜನ ಎಂದು ನಾನು ಮನೆಯೊಳಗೆ ಹಾರಾಡಿದೆ.

ನಮ್ಮವರ ಸರದಿಗೆ ಹೆಚ್ಚು ದಿನ ಬೇಕಾಗಲಿಲ್ಲ. ಎಲ್ಲಿಯದೋ ಗಲಾಟೆಯ ವಿಡಿಯೊ ಮೊಬೈಲಿಗೆ ಬಂದ ದಿನ, ನಮ್ಮ ಓಣಿಯ ನಾಲ್ವರು ಹಾಲಿನಂಗಡಿಯ ಮುಂದೆ ಚಾಚಾರನ್ನು ಅಡ್ಡಗಟ್ಟಿದರು. ಅವರಲ್ಲಿ ಇಬ್ಬರಿಗೆ ಈಜು ಕಲಿಸಿದ್ದೇ ಚಾಚಾ.

“ನಮ್ಮ ದೇವರಿಗಿ ಜೈ ಅನ್ನಲೇ ಮುದುಕ!”

“ಪ್ರೀತಿಲೆ ಕರದಾಗ ನಿಮ್ಮ ಹಬ್ಬಕ್ಕ ಬಂದೀನಲ್ಲಪ್ಪ. ಜಬರ್ದಸ್ತಿಲೆ ಅಂದ್ರ ಒಲ್ಲೆ. ಮಸೀದ್ಯಾಗೂ ಇದೇ ಮಾತು ಹೇಳೀನಿ,” ಎಂದರು ಚಾಚಾ.

ಒಬ್ಬ ಅವರ ಟೋಪಿ ಕಿತ್ತು ಚರಂಡಿಗೆ ಎಸೆದ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಚಾಚಾ ನನ್ನನ್ನು ನೋಡಿದರು. ನಾನು ಹಾಲಿನ ಪ್ಯಾಕೆಟ್ ತಗೊಂಡು ಮನೆಗೆ ನಡೆದೆ.

ಆ ತಿಂಗಳೇ ಅವರು ಗೋಗಿಯಲ್ಲಿದ್ದ ಮಗಳ ಮನೆಗೆ ಹೊರಟರು. “ಹೋಗಿ ಬರ್ತೀನಿ ಬೇಟಿ,” ಎಂದು ನಮ್ಮ ಬಾಗಿಲಿಗೆ ಬಂದು ಹೇಳಿದರು. ಬರಲಿಲ್ಲ… ಹೋದ ವರ್ಷ ತೀರಿಕೊಂಡರು.

ಅವರ ನೆನಪಿಗೆ ಕ್ಯಾಂಪಿನಲ್ಲಿ ಸೌಹಾರ್ದ ಸಭೆಯೆಂದು ಪೆಂಡಾಲು ಹಾಕಿದರು. ಪಾಠ ಬಿಡಿಸಿದ ಆ ಯುವಕ ಮೈಕು ಹಿಡಿದು ಚಾಚಾರ ಸಹನೆಯನ್ನು ಹೊಗಳಿದ. ಟೋಪಿ ಎಸೆದವನು “ಮುಸಲ್ಮಾನರಂದ್ರ ಹಿಂಗಿರಬೇಕ್ರಿ” ಎಂದು ಕಣ್ಣೊರೆಸಿಕೊಂಡ. ನಡೆದದ್ದೆಲ್ಲ ಹೇಳಿಯೇಬಿಡುತ್ತೇನೆಂದು ಎದ್ದು ಮೈಕಿನ ಹತ್ತಿರ ಹೋದೆ. “ಚಾಚಾ ನನಗೆ ಅಕ್ಷರ ಕಲಿಸಿದರು” ಎಂದೆ. ಅಷ್ಟೇ ಹೇಳಿ ಮೈಕು ತಿರುಗಿ ಕೊಟ್ಟೆ. ಜನ ಚಪ್ಪಾಳೆ ತಟ್ಟಿದರು. ನನಗೂ ಒಂದು ಶಾಲು ಹೊದಿಸಿದರು.

ಈಗ ಪಕ್ಕದ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಆ ನಾಲ್ವರು ಎದುರು ಸಿಕ್ಕರೆ ನಮಸ್ಕಾರ ಅನ್ನುತ್ತಾರೆ; ನಾನೂ ಅನ್ನುತ್ತೇನೆ, ಹೇಸಿಕೆಯಾದರೂ. ಚಾಚಾ ಬದುಕಿದ್ದಷ್ಟು ದಿನ ಗೋಗಿಗೆ ದಿನಾ ಬಸ್ಸಿತ್ತು, ಅರ್ಧ ತಾಸಿನ ದಾರಿ. ನಾನು ಒಂದು ದಿನವೂ ಹತ್ತಲಿಲ್ಲ.