ದಂಡೆಯ ಮೇಲೆ ಹೆಸರು ಕೇಳಿದವರು

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆನೆಂದರೆ ಅದಕ್ಕೆ ನನ್ನ ಜಂಬವೇ ಕಾರಣ. ಕೈಗೆ ಹೊಸ ಗಡಿಯಾರ ಬಂದಿತ್ತು, ಮಾತಿಗೊಮ್ಮೆ ನೋಡಿಕೊಳ್ಳುತ್ತಿದ್ದೆ. ನಾವು ಕೂತ ಹರಿಗೋಲು ಭೀಮಾ ಹೊಳೆಯ ನಡುಮಧ್ಯ ದಾಟಿ ಶಹಾಪುರದ ಕಡೆಯ ದಂಡೆಗೆ ಹತ್ತಿರವಾದಾಗ ಇನ್ನೊಮ್ಮೆ ನೋಡಿದೆ. ಕಣ್ಣೆತ್ತುವಷ್ಟರಲ್ಲಿ ಜಾಲಿಗಿಡಗಳ ಸಂದಿಯಿಂದ ಗಂಡಸರು ಇಳಿದು ಬರುತ್ತಿದ್ದರು. ಕೆಲವರ ಹೆಗಲ ಮೇಲೆ ಕೊಡಲಿಗಳಿದ್ದವು.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಸುರಪುರದಲ್ಲಿ ನಾನಿರುವ ಬಾಡಿಗೆ ಮನೆಯ ಪಕ್ಕಕ್ಕೆ ಮೊನ್ನೆ ಮೈಸೂರು ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಗೋಡೆಯ ಮೇಲಿಂದ ಒಂದು ಬಟ್ಟಲು ಹುಳಿ ಕೊಟ್ಟು, "ನಿಮ್ಮ ಹೆಸರೇನು ಅಂತ ಕೇಳಲೇ ಇಲ್ಲ ನೋಡಿ" ಎಂದು ನಕ್ಕಳು. ಎಂಥ ಸಾದಾ ಮಾತು! ನಾನು ಬಟ್ಟಲು ಹಿಡಿದು ನಿಂತೇ ಇದ್ದೆ. ಹುಳಿಯ ಬಿಸಿ ಬೆರಳಿಗೆ ತಾಗಿದಾಗಲೇ ಎಚ್ಚರ. ಆಕೆಗೆ ನಾನು ಕಿವುಡಿ ಎನ್ನಿಸಿರಬೇಕು, ಎರಡನೆಯ ಸಲ ಜೋರಾಗಿ ಕೇಳಿದಳು.

ನಮ್ಮ ಸೀಮೆಯ ಹೆಸರುಗಳ ವಿಷಯ ನಿಮಗೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಇಲ್ಲಿ ಹುಟ್ಟಿದ ಕೂಸುಗಳು ಉಳಿಯದಿದ್ದರೆ ಹಿಂದೂ ಮನೆಯ ತಾಯಂದಿರೂ ಮೊಹರಂನಲ್ಲಿ ಕೂಡುವ ಅಲಾಯಿ ದೇವರ ಮುಂದೆ ಸೆರಗೊಡ್ಡುತ್ತಾರೆ. 'ಇದೊಂದು ಉಳಿದರೆ ನಿನ್ನ ಹೆಸರಿಡುತ್ತೇನೆ' ಎಂದು ಬೇಡಿಕೊಳ್ಳುತ್ತಾರೆ. ಹಾಗಾಗಿ ನಮ್ಮಲ್ಲಿ ಹುಸೇನಪ್ಪ ವಿಭೂತಿ ಹಚ್ಚುತ್ತಾನೆ, ಮೌಲಪ್ಪ ಮಾರುತಿ ಗುಡಿಗೆ ಎಣ್ಣೆ ಹಾಕುತ್ತಾನೆ. ಯಾರಿಗೂ ಅದು ವಿಚಿತ್ರವೆನಿಸಿದ್ದಿಲ್ಲ. ನನ್ನ ಹೆಸರೂ ಅಂಥದೇ, ಫಕೀರವ್ವ. ಹೈದರಾಬಾದಿನ ಕಾಲೇಜಿಗೆ ಹೋದಾಗ ಹಾಸ್ಟೆಲಿನ ಹುಡುಗಿಯರು 'ಬನ್ನಿ ಫಕೀರಾಬಾದಿನ ಬೇಗಂ' ಎಂದು ಸಲಾಮು ಹೊಡೆಯತೊಡಗಿದ್ದರಿಂದ ಒಂದೇ ವಾರದಲ್ಲಿ ನಾನು ಪ್ರಮೀಳಾ ಆದೆ. ಊರಿಗೆ ಬಂದಾಗ ಮಾತ್ರ ಯಾರೂ ಆ ಪ್ರಮೀಳೆಯನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಆ ಸಲ ಊರಿಗೆ ಹೊರಟದ್ದು ಸೈನ್ಯ ಬಂದು ನಿಜಾಮರ ರಾಜ್ಯ ಮುಗಿದ ಮೇಲೆ. ಅದಕ್ಕೆ ಮೊದಲಿನ ವರ್ಷ ನಿಜಾಮರ ಪರದ ಗುಂಪುಗಳು ಊರೂರು ತಿರುಗಿ ಬೇರೆ ಪ್ರಶ್ನೆ ಕೇಳಿದ್ದವು. ಆಗ ನಮ್ಮ ಹೆಂಗಸರು ಕುಂಕುಮ ಒರೆಸಿಕೊಂಡು ಮುಸಲ್ಮಾನರಾದ ಪಿಂಜಾರರ ಮನೆಯ ಹತ್ತಿಯ ಕೋಣೆಯಲ್ಲಿ ಅಡಗಿದ್ದರು. ಈಗ ಆ ಕಾಲ ಹೋಯಿತು, ಇನ್ನು ಹೆದರಿಕೆಯಿಲ್ಲ ಎಂದು ಎಲ್ಲರೂ ಅಂದರು. ನಾನೂ ನಂಬಿದೆ. ಪತ್ರಿಕೆ ಓದುತ್ತಿದ್ದವಳಲ್ಲವೆ! ವಾಡಿಯಲ್ಲಿ ಗಾಡಿ ಬದಲಿಸಿ ಯಾದಗಿರಿಯಲ್ಲಿ ಇಳಿದೆ. ನನ್ನನ್ನು ಕರೆದೊಯ್ಯಲು ಚಿಗವ್ವ ಬಂದಿದ್ದಳು. ತಾಯಿ ಇಲ್ಲದ ನನ್ನನ್ನು ಸಾಕಿದವಳು ಅವಳು, ಅವ್ವನ ತಂಗಿ.

ಹೊಳೆ ದಾಟಿಸುತ್ತಿದ್ದವನು ಅಂಬಿಗರ ಹುಸೇನಪ್ಪ. ಐವತ್ತರ ಆಸುಪಾಸಿನವನು, ನಾನು ಕೂಸಾಗಿದ್ದಾಗಿನಿಂದ ದಾಟಿಸಿದವನು. ನಮ್ಮ ಮನೆಯವರು ಅಂಬಿಗರ ಮನೆಯ ನೀರು ಕುಡಿಯುತ್ತಿರಲಿಲ್ಲ. ಚಿಗವ್ವ ಹರಿಗೋಲಿನಲ್ಲೂ ತನ್ನ ತಂಬಿಗೆಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಕೂಡುತ್ತಿದ್ದಳು. ಹುಸೇನಪ್ಪ ಅದನ್ನು ನೋಡಿ ನಗುತ್ತಿದ್ದ.

"ತಂಬಿಗಿ ಗಟ್ಟಿ ಹಿಡೀರಿ ಅವ್ವಾರ. ನಾ ಮುಳುಗಿಸಿದ್ರ ಕುಡಿಯೂ ನೀರು ಯಾವ ಕುಲದ್ದು ಅಂತ ಯಾರ ಕೇಳ್ತಾರ?"

"ನೀ ಮುಳುಗಿಸಿ ನೋಡು, ಮದಲ ನಿನ್ನ ಕುತ್ತಿಗಿನ ಹಿಡಕೊಂತೀನಿ" ಎನ್ನುತ್ತಿದ್ದಳು ಚಿಗವ್ವ.

ಆ ದಿನವೂ ಈ ಮಾತು ನಡೆದಿತ್ತು. ನಗು ಇನ್ನೂ ಮುಗಿದಿರಲಿಲ್ಲ. ದಂಡೆಯಿಂದ ಕೂಗು ಬಂತು.

"ಯಾರದಪಾ ಹರಿಗೋಲು?"

"ನಂದ್ರಿ. ಹುಸೇನಪ್ಪಂದು" ಎಂದ ಅವನು. ಜೀವಮಾನವೆಲ್ಲ ಹೇಳಿದಂತೆಯೇ ಹೇಳಿದ, ಹುಟ್ಟು ಹಾಕುತ್ತಲೇ.

ಕೊಡಲಿಗಳು ಹೆಗಲಿನಿಂದ ಕೆಳಗಿಳಿದವು. ಒಬ್ಬ ನೀರಿಗೆ ಇಳಿದು ಹರಿಗೋಲಿನ ಅಂಚು ಹಿಡಿದು ದಂಡೆಗೆ ಎಳೆದ. ಅವರು ನಮ್ಮ ಕಡೆಯವರಲ್ಲ, ದೂರದ ಊರಿನವರು. ಅಂಬಿಗರ ಹುಸೇನಪ್ಪ ಯಾರೆಂದು ತಿಳಿಯದವರು. ಇಬ್ಬರು ಅವನ ರಟ್ಟೆ ಹಿಡಿದರು. ದಪ್ಪ ಮೀಸೆಯವನೊಬ್ಬ ನನ್ನನ್ನು ಕೇಳಿದ: "ನಿನ್ನ ಹೆಸರೇನವಾ?"

"ಪ್ರಮೀಳಾ" ಎಂದೆ. ಬಾಯಿಗೆ ಅದೇ ಬಂತು.

"ನೀವು ಹೆದರಬ್ಯಾಡ್ರಿ. ನಿಮಗೇನೂ ಮಾಡಂಗಿಲ್ಲ. ಇಳೀರಿ. ಇವನ ಲೆಕ್ಕ ನಾವು ನೋಡ್ಕೊಂತೀವಿ."

ಚಿಗವ್ವ ಇಳಿಯಲಿಲ್ಲ. ಹರಿಗೋಲಿನಲ್ಲಿ ಎದ್ದು ನಿಂತಳು. ಅದು ತೂಗಾಡಿತು, ತಂಬಿಗೆ ಉರುಳಿತು.

"ಅವ ಹಿಂದೂನ ಅದಾನ. ದೇವರ ಹೆಸರು ಅದು, ಬೇಡಿ ಇಟ್ಟದ್ದು. ಈ ಹುಡುಗಿ ಪ್ರಮೀಳಾನೂ ಅಲ್ಲ ಏನೂ ಅಲ್ಲ, ಫಕೀರವ್ವ. ನನ್ನ ಗಂಡನ ಹೆಸರು ಮೌಲಪ್ಪ. ಮೌಲಪ್ಪ! ಕೇಳ್ತೇನು? ಹೆಸರು ನೋಡಿ ಕಡಿಯೂದಾದ್ರ ನನ್ನಿಂದ ಸುರು ಮಾಡು."

ಗಂಡನ ಹೆಸರನ್ನು ಚಿಗವ್ವ ಅದುವರೆಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಅಂಗಡಿಯವನು ಕೇಳಿದರೂ ನನ್ನ ಕಡೆ ತೋರಿಸಿ 'ಇಕಿ ಹೇಳ್ತಾಳ' ಎನ್ನುತ್ತಿದ್ದಳು. ಆ ಗಂಡಸರ ಮನೆಗಳಲ್ಲೂ ಹಾಗೇ ಇರಬೇಕು. ಮದುವೆಯಾದ ಹೆಂಗಸು ಎಲ್ಲರೆದುರು ಗಂಡನ ಹೆಸರನ್ನು ಎರಡು ಸಲ ಕೂಗಿದ್ದು ಕೇಳಿ ಅವರು ಬೆಪ್ಪಾಗಿ ನಿಂತರು. ಕೊಡಲಿಗಿಂತ ಅದೇ ದೊಡ್ಡ ಅನಾಹುತವೆಂಬಂತೆ.

ಮೀಸೆಯವನು ಮೊದಲು ಚೇತರಿಸಿಕೊಂಡ. "ಬಾಯಿ ಮಾತು ಯಾಕ? ಧೋತರ ಬಿಚ್ಚಲಿ, ನೋಡೂನು."

ಚಿಗವ್ವ ಕುಸಿದು ಕೂತು ನನ್ನ ತಲೆಯನ್ನು ಮಡಿಲಿಗೆ ಒತ್ತಿ ಸೆರಗು ಮುಚ್ಚಿದಳು. ಹಾಗಾಗಿ ನಾನು ನೋಡಲಿಲ್ಲ, ಕೇಳಿದೆ. ನೀರು ಹರಿಗೋಲಿಗೆ ಬಡಿಯುವ ಸದ್ದು. ಬಟ್ಟೆ ಎಳೆದ ಸದ್ದು. ಆಮೇಲೆ ನಗು. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ನಗುತ್ತಾರಲ್ಲ, ಆ ಥರದ್ದು. "ನಮ್ಮವನ ಅದಾನಪಾ, ಬಿಡ್ರಿ" ಎಂದ ಒಬ್ಬ. "ಹೆಸರು ಬದಲಿ ಮಾಡ್ಕೊಳೋ ಮುದುಕಾ, ಸುಮ್ಮನ ಸಾಯ್ತಿ" ಎಂದ ಇನ್ನೊಬ್ಬ.

ಇಷ್ಟಾದ ಮೇಲೆ ನಡೆದದ್ದನ್ನು ನಾನು ಯಾರಿಗೂ ಸರಿಯಾಗಿ ಹೇಳಲಾರದೆ ಹೋಗಿದ್ದೇನೆ. ಅವರು ನಮ್ಮ ಮೇಲೆ ಅಷ್ಟು ಪ್ರೀತಿ ತೋರಿಸಿದರು! "ಕೆಸರೈತಿ, ಸಾವಕಾಶ ಬರ್ರಿ ಅವ್ವಾರ" ಎಂದು ಮೀಸೆಯವನು ಚಿಗವ್ವನಿಗೆ ಕೈ ಕೊಟ್ಟ. ನನ್ನ ಕಬ್ಬಿಣದ ಪೆಟ್ಟಿಗೆಯನ್ನು ಒಬ್ಬ ತಲೆಯ ಮೇಲೆ ಹೊತ್ತು ಮೇಲೆ ನಿಂತಿದ್ದ ನಮ್ಮ ಬಂಡಿಯತನಕ ತಂದ. "ಎಷ್ಟು ಭಾರ ಐತಿ ತಂಗೀ, ಕಲ್ಲು ತುಂಬಿಯೇನು?" ಎಂದ. ಪುಸ್ತಕ ಎಂದೆ. "ಓದು, ಓದು. ಚಲೋ ಆಗ್ಲಿ" ಎಂದ. ಅವನ ಅಂಗಿ ಮೈಗೆ ಅಂಟುವಷ್ಟು ಒದ್ದೆಯಾಗಿತ್ತು. ಅವನು ನೀರಿಗೆ ಇಳಿದವನಲ್ಲ. ತಿರುಗಿ ನೋಡಿದರೆ ಇನ್ನೂ ಇಬ್ಬರ ಅಂಗಿಗಳು ಆಗಷ್ಟೇ ತೊಳೆದು ಹಿಂಡಿದಂತೆ ತೊಯ್ದಿದ್ದವು. ಮಳೆ ಬಿದ್ದಿರಲಿಲ್ಲ. ಬಂಡಿಗೆ ಒರಗಿ ನಾನು ವಾಂತಿ ಮಾಡಿಕೊಂಡೆ. "ಬಿಸಲಿಗೆ ಪಿತ್ತ ಆಗೇತಿ" ಎಂದು ಅವನು ಮರುಗಿದ.

ಅವರು ಹೋದ ಮೇಲೆ ಹುಸೇನಪ್ಪ ಧೋತರ ಕಟ್ಟಿಕೊಂಡು ಮೇಲೆ ಬಂದ. ನಮ್ಮ ಮುಖ ನೋಡಲಿಲ್ಲ. "ಸಾಮಾನೆಲ್ಲಾ ಬಂತೇನ್ರಿ?" ಎಂದು ಕೇಳಿದ.

ಚಿಗವ್ವನಿಗೆ ಆಗ ಸಿಟ್ಟು ಬಂತು. "ಭೀಮಪ್ಪ ಅನ್ನಾಕ ಏನಾಗಿತ್ತೋ ನಿನಗ? ಒಂದು ಮಾತು ಸುಳ್ಳು ಹೇಳಿದ್ರ ನಾಲಿಗಿ ಬೀಳ್ತಿತ್ತೇನು?"

"ನಮ್ಮವ್ವ ಈ ಹೆಸರು ಬೇಡಿ ತಂದಾಳ್ರಿ. ಈ ಹೆಸರಿಗೇ ಜೀವ ಉಳದೈತಿ ನಂದು. ನಾ ಅಲ್ಲ ಅಂದ್ರ, ಕೊಟ್ಟಾವ ಹೊಳ್ಳಿ ತಗೊಳ್ಳಾಂಗಿಲ್ಲೇನು?"

ಅವನ ದೃಷ್ಟಿಯಲ್ಲಿ ಕೊಡಲಿಗಿಂತ ಆ ಸುಳ್ಳೇ ಅಪಾಯದ್ದು. ನಾನು ತರ್ಕಶಾಸ್ತ್ರ ಓದಿದವಳು. ಆದರೂ ಬಂಡಿ ಶಹಾಪುರ ಮುಟ್ಟುವತನಕ ಆ ಮಾತಿನಲ್ಲಿ ತಪ್ಪು ಹುಡುಕಿ ಸೋತೆ.

ಊರಲ್ಲಿ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಮೌಲಪ್ಪ ಕಾಕಾ ಬಾಗಿಲಲ್ಲಿ ನಿಂತು, "ಹೊಳಿ ದಂಡಿ ಮ್ಯಾಲೆ ನನ್ನ ಹೆಸರು ಡಂಗುರ ಹೊಡದ್ಯಂತ?" ಎಂದು ನಗಿಸಲು ನೋಡಿದರು. ಚಿಗವ್ವ ನಗಲಿಲ್ಲ. ಅವತ್ತಿನಿಂದ ಅವಳಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ಕಣ್ಣು ಹತ್ತಿದರೆ ಆ ನಗು ಕೇಳುತ್ತಿತ್ತು. "ಬಂದಿತ್ತು, ಹೋತು" ಎನ್ನುತ್ತಿದ್ದಳು ಚಿಗವ್ವ, ನಿದ್ದೆಯೇನೋ ಮನೆಗೆ ಬಂದ ನೆಂಟರೆಂಬಂತೆ.

ನಮ್ಮನ್ನು ಕಾಡಿದ್ದು ಹುಸೇನಪ್ಪ ಸಾಯಬಹುದಿತ್ತು ಎಂಬುದಲ್ಲ, ಅವನು ಬದುಕಿದ ರೀತಿ. ನಮ್ಮವನೆಂದು ಸಾಬೀತಾದದ್ದರಿಂದ ಬದುಕಿದ. ಸಾಬೀತಾಗದಿದ್ದರೆ? ಅದೇ ಕೈ, ಅದೇ ಹೊಳೆ, ಅದೇ ಸಂಜೆ. ಚಿಗವ್ವ ಕೂಗಿ ಹೇಳಿದ್ದೂ 'ಅವ ಹಿಂದೂನ ಅದಾನ' ಎಂದೇ ತಾನೆ. ಅದೊಂದು ಮಾತಿಗೆ ಮಾತ್ರ ಅಲ್ಲಿ ಬೆಲೆಯಿತ್ತು. 'ಅವನೊಬ್ಬ ಮನುಷ್ಯ' ಎಂದಿದ್ದರೆ ಅವರಿಗೆ ಯಾವ ಭಾಷೆಯೆಂದೇ ತಿಳಿಯುತ್ತಿರಲಿಲ್ಲ. ಆ ಒದ್ದೆ ಅಂಗಿಗಳು ಅಂದು ಮಧ್ಯಾಹ್ನ ಯಾರ ಹೆಸರು ಕೇಳಿದ್ದವು? ಅಲ್ಲಿ ಸಿಕ್ಕವರ ಪರವಾಗಿ ಗಂಡನ ಹೆಸರು ಕೂಗುವ ಹೆಂಗಸು ಯಾರಿದ್ದಳು? ನನ್ನನ್ನು ತಂಗಿ ಎಂದು ಕರೆದ ಆ ದನಿ ಮೃದುವಾಗಿತ್ತು. ಕ್ರೂರವಾಗಿದ್ದರೆ ಮರೆಯುತ್ತಿದ್ದೆನೇನೋ. ಕರುಣೆಯೂ ಹೆಸರು ಕೇಳಿಯೇ ಕೈ ಚಾಚುತ್ತದೆಂದು ಅಂದು ನೋಡಿದೆ. ಅಂಬಿಗನ ನೀರು ಕುಡಿಯದ ನಮ್ಮ ಮನೆಯಲ್ಲಿ ಅದನ್ನು ದಿನವೂ ಕಾಣಬಹುದಿತ್ತು, ಕಂಡಿರಲಿಲ್ಲ.

ಮೊನ್ನೆ ನೆರೆಯಾಕೆ ಎರಡನೆಯ ಸಲ ಕೇಳಿದಾಗ 'ಫಕೀರವ್ವ' ಎಂದೆ. ಆಕೆ ಹುಬ್ಬು ಏರಿಸಿದಳು. ಇಳಿಸಲಿ ಎಂದು ನಾನು ಕಾಯುತ್ತ ನಿಲ್ಲಲಿಲ್ಲ. ಆ ಹೆಸರು ಮತ್ತೆ ನನ್ನ ಬಾಯಿಗೆ ಹೇಗೆ ಬಂತೆಂದು ಹೇಳಿದರೆ ಈ ಕಥೆ ಮುಗಿಯಿತು.

ಆ ಸಲದ ಚಳಿ ಇಳಿಯುತ್ತಿದ್ದ ದಿನಗಳಲ್ಲಿ, ನಾನಿನ್ನೂ ಕಾಲೇಜಿಗೆ ಹಿಂದಿರುಗದೆ ಊರಲ್ಲೇ ಇದ್ದಾಗ, ಹುಸೇನಪ್ಪ ನಮ್ಮ ಮನೆಗೆ ಸಕ್ಕರೆ ತಂದ. ಬಾಣಂತನಕ್ಕೆ ಬಂದ ಮಗಳಿಗೆ ಗಂಡು ಹುಟ್ಟಿತ್ತು. ಹಿಂದಿನ ಕೂಸುಗಳು ಉಳಿದಿರಲಿಲ್ಲ.

"ಹೆಸರೇನಿಡ್ತಿ?" ಎಂದಳು ಚಿಗವ್ವ.

"ಬೇಡಿಕೊಂಡಿದ್ವಲ್ರಿ. ಹುಸೇನಪ್ಪ."

ಚಿಗವ್ವನ ಕೈಯಿಂದ ಸಕ್ಕರೆ ಚೆಲ್ಲಿತು. "ಹುಚ್ಚಾ! ನೀ ಅನುಭವಿಸಿದ್ದು ಸಾಲದೇನು? ಕೂಸಿಗೂ ಯಾಕ?"

"ಕೂಸಿಗೆ ಮದಲ ಬದುಕೂದು ಐತ್ರಿ. ಹೆದರೂದು ಆಮ್ಯಾಲೆ" ಎಂದ ಅವನು.

ತೊಟ್ಟಿಲಿಗೆ ಹಾಕುವ ದಿನ ನಾವಿಬ್ಬರೂ ಬಂಡಿ ಕಟ್ಟಿಸಿಕೊಂಡು ಹೊಳೆದಂಡೆಯ ಅವನ ಮನೆಗೆ ಹೋದೆವು. ಚಿಗವ್ವ ಅಂಬಿಗರ ಹೊಸ್ತಿಲು ದಾಟಿದ್ದು ಅದೇ ಮೊದಲು. ಕೂತವಳು ನೀರು ಕೇಳಿದಳು. ಕೊಟ್ಟರು, ಗಟಗಟ ಕುಡಿದಳು.

ನಮ್ಮಲ್ಲಿ ಕೂಸಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಬೇಕು. ಹೇಳಿದ ಕೂಡಲೆ ಸುತ್ತ ಕೂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಗುರುಮಠಕಲ್ ಕಡೆಯಿಂದ ಬಂದಿದ್ದ ಸೋದರತ್ತೆ ತೊಟ್ಟಿಲ ಮೇಲೆ ಬಾಗಿದಳು, ಹಾಗೆಯೇ ನಿಂತಳು, ಹಿಂದೆ ಸರಿದಳು.

"ನಾ ಒಲ್ಲೆ ಯವ್ವಾ. ನಾಳೆ ಯಾರರ ಇವನ್ನ ಹಿಡದು ಹೆಸರು ಕೇಳಿದ್ರ? ನನ್ನ ಬಾಯಿಂದ ಬ್ಯಾಡ."

ಅವಳನ್ನು ಯಾರೂ ಬೈಯಲಿಲ್ಲ. ಎಲ್ಲರಿಗೂ ಅದೇ ಹೆದರಿಕೆ. ಬಾಣಂತಿ ಅಳತೊಡಗಿದಳು. ಹೆಸರಿಲ್ಲದೆ ತೊಟ್ಟಿಲು ತೂಗುವಂತಿಲ್ಲ. ಕೂಸು ಕಣ್ಣು ತೆರೆದು ಮೇಲೆ ನೋಡುತ್ತಿತ್ತು.

"ನಾ ಹೇಳ್ಲೇನು?" ಎಂದೆ.

"ನೀ ಯಾವ ಸೀಮಿ ಅತ್ತಿ?" ಎಂದು ಮೂಲೆಯ ಮುದುಕಿಯೊಬ್ಬಳು ಮುಖ ತಿರುವಿದಳು.

ಬಾಗಿಲಾಚೆಯಿಂದ ಹುಸೇನಪ್ಪ ಹೇಳಿದ: "ಫಕೀರವ್ವ ಅಂದ್ರ ಅದೇ ದೇವರು ಕೊಟ್ಟಾಕಿ. ನನ್ನ ಅಳಿಯಗ ತಂಗಿ ಅಂತ ತಿಳಕೋರಿ, ಕೂಸಿಗೆ ಅತ್ತಿ. ಹೇಳಲಿ ಬಿಡ್ರಿ."

ಬಾಗಿದೆ. ಕೂಸಿನ ಕಿವಿ ಹೂವಿನ ಎಸಳಿನಷ್ಟು ತೆಳ್ಳಗೆ, ಬೆಚ್ಚಗೆ ಇತ್ತು. ಹುಸೇನಪ್ಪ, ಹುಸೇನಪ್ಪ, ಹುಸೇನಪ್ಪ ಎಂದೆ. ಮೂರನೆಯದು ಹೊರಗಿನವರಿಗೂ ಕೇಳಿಸಿತು. ಬೆನ್ನಿನ ಮೇಲೆ ಗುದ್ದುಗಳು ಬೀಳತೊಡಗಿದವು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಚಿಗವ್ವ, ಗುದ್ದುತ್ತ ಅಳುತ್ತಿದ್ದಳು. ಆಮೇಲೆ ಆ ಸೋದರತ್ತೆಯೂ ಬಂದು ಒಂದು ಗುದ್ದು ಹಾಕಿದಳು.

ಆ ದಿನ ಗುರುವಾರ. ಮನೆಗೆ ಬಂದು ಬೆನ್ನು ನೋಯುತ್ತದೆಂದು ಬೋರಲು ಮಲಗಿದೆ. ಕಣ್ಣು ಬಿಟ್ಟಾಗ ಅಂಗಳದ ತುಂಬ ಶುಕ್ರವಾರದ ಬಿಸಿಲು. ಪಕ್ಕದಲ್ಲಿ ಚಿಗವ್ವ ಇನ್ನೂ ಗೊರಕೆ ಹೊಡೆಯುತ್ತಿದ್ದಳು. ಕಾಕಾ ಬಾಗಿಲಲ್ಲಿ ನಿಂತು, ಎಬ್ಬಿಸಬೇಡ ಎಂದು ನನಗೆ ಕೈ ಮಾಡಿದರು.