ಮೂಗು ತೂರಿಸದವರ ಸಭೆ

ಪಾಟ್‌ಲಕ್ ಊಟಕ್ಕೆ ಹೋದ ಕನ್ನಡಿಗ ತಾನು ತಂದ ಪಾತ್ರೆಯನ್ನು ಮೇಜಿನ ಮೇಲಿಟ್ಟು ಸುಮ್ಮನಿದ್ದುದನ್ನು, ನಾವು ವಲಸೆ ಬಂದು ನೆಲೆಸಿರುವ ಈ ಶ್ಯಾಂಟಿಲಿಯಲ್ಲಿ ನಾನು ಈವರೆಗೆ ಕಂಡಿಲ್ಲ; ಪಕ್ಕದವರ ಸಾರಿನ ಮುಚ್ಚಳ ತೆಗೆದು, ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ, ಉಪ್ಪು ಸಾಲದೆಂದು ತೀರ್ಪಿತ್ತು, ಯಾರನ್ನೂ ಕೇಳದೆ ಉದುರಿಸಿಯೇ ಬಿಡುತ್ತಾನೆ. ಇಂಥವರ ನಡುವೆ ಕೂತು, ಮನೆಯ ಕೆಲಸವೇ ಮೊದಲು ಎಂದು ಸಾರಿ ಚುನಾವಣೆ ಗೆದ್ದುಬಂದ ಈ ದೇಶದ ಹೊಸ ಅಧ್ಯಕ್ಷರು ಪರದೇಶಗಳ ಅಡುಗೆಮನೆಗೆ ನುಗ್ಗುವ ಹಳೆಯ ಚಾಳಿಯನ್ನು ನಿಜಕ್ಕೂ ಬಿಟ್ಟಾರೆಯೇ ಎಂಬ ಗಹನ ಪ್ರಶ್ನೆಯನ್ನು ಚರ್ಚಿಸುವ ಭಾಗ್ಯ ನನ್ನದಾಗಿತ್ತು.

ಬಿಡುತ್ತಾರೆ ಎಂಬುದು ನನ್ನ ವಾದ. ದಿನವೂ ನನ್ನ ಕಾರಿನಲ್ಲೇ ಆಫೀಸಿಗೆ ಬರುತ್ತಿದ್ದ ನಾಗರಾಜ ನಕ್ಕುಬಿಡುತ್ತಿದ್ದ. “ಯಾರ್ ಬಂದ್ರೂ ಅಷ್ಟೇ ಸಾರ್. ಮೊದ್ಲು ಗೋಧಿ ಕಳಿಸ್ತಾರೆ, ಹಿಂದೇನೇ ಸೈನ್ಯ ಕಳಿಸ್ತಾರೆ. ಸ್ಪೀಚ್ ಚೇಂಜ್ ಆಗತ್ತೆ, ಪಾಲಿಸಿ ಆಗಲ್ಲ.”

ಅದೇ ವಾರ ನಾಗರಾಜನ ಹೆಂಡತಿ ಸುಮಿತ್ರಳಿಗೆ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಕೆಲಸ ಸಿಕ್ಕಿತು. ಕೆಲಸಕ್ಕೆ ಅನುಮತಿಯಿಲ್ಲದ ವೀಸಾದ ದೆಸೆಯಿಂದ ಎರಡು ವರ್ಷ ಮನೆಯಲ್ಲೇ ಕೂತು ಬೇಸತ್ತಿದ್ದವಳು. ಶುಕ್ರವಾರದೊಳಗೆ ಒಪ್ಪದಿದ್ದರೆ ಆ ಕೆಲಸ ಕೈತಪ್ಪುತ್ತಿತ್ತು. ಗಂಡ ಇಲ್ಲಿ, ಹೆಂಡತಿ ನಾಲ್ಕೈದು ಗಂಟೆ ದಾರಿಯ ನಾರ್ತ್ ಕ್ಯಾರೊಲಿನಾದಲ್ಲಿ! ನಮ್ಮ ಮಿತ್ರಮಂಡಳಿಗೆ ನಿದ್ದೆ ಹತ್ತಲಿಲ್ಲ. ಅವಳು ಹೋಗಲೇಬೇಕೆಂದು ಅರ್ಧ ಜನ, ಹೋದರೆ ಸಂಸಾರ ಕೆಟ್ಟಿತೆಂದು ಇನ್ನರ್ಧ.

ನಾನಾದರೋ ಅಲಿಪ್ತನೀತಿಯವನು. ಯಾರೂ ಮೂಗು ತೂರಿಸಬಾರದೆಂದು ಎಲ್ಲರಿಗೂ ಬುದ್ಧಿ ಹೇಳುವುದಕ್ಕಾಗಿ, ಗುರುವಾರ ಸಂಜೆ ಅವರೆಲ್ಲರನ್ನೂ ಕಟ್ಟಿಕೊಂಡು ನಾಗರಾಜನ ಮನೆಗೇ ಹೋದೆ. ನನ್ನ ಶ್ರೀಮತಿ ಮಧ್ಯಾಹ್ನವೇ ಅಲ್ಲಿಗೆ ಒಂದು ಡಬ್ಬಿ ಪುಳಿಯೋಗರೆ ಮುಟ್ಟಿಸಿದ್ದಳು. ಬಾಗಿಲು ತೆರೆದ ನಾಗರಾಜ ನನ್ನನ್ನೊಮ್ಮೆ, ನನ್ನ ಹಿಂದಿದ್ದ ದಂಡನ್ನೊಮ್ಮೆ ನೋಡಿ, “ಬನ್ನಿ ಸಾರ್, ಗೋಧಿ ಆಗ್ಲೇ ಬಂತು” ಎಂದ. ಬರಿಯ ಪುಳಿಯೋಗರೆಯ ಬಲದ ನಾನೇ ಹೀಗಾದರೆ, ಯುದ್ಧನೌಕೆಗಳನ್ನು ಇಟ್ಟುಕೊಂಡ ಅಧ್ಯಕ್ಷರನ್ನು ಏನೆಂದು ದೂರಲಿ, ಹೇಳಿ!

ಆದರೂ ಪರರ ಸ್ವಾತಂತ್ರ್ಯದ ಬಗ್ಗೆ ಸುದೀರ್ಘವಾಗಿ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಸುಳ್ಳೇಕೆ? ಕಾಫಿ ತಂದ ಸುಮಿತ್ರ ಎಲ್ಲವನ್ನೂ ಕೇಳಿಸಿಕೊಂಡು, “ಅಂಕಲ್, ಬೆಳಿಗ್ಗೇನೇ ಫೋನ್ ಮಾಡಿ ಅಕ್ಸೆಪ್ಟ್ ಮಾಡ್ದೆ. ಇವ್ರು ವೀಕೆಂಡ್ ಡ್ರೈವ್ ಮಾಡ್ಕೊಂಡು ಬರ್ತಾರಂತೆ. ಶನಿವಾರ ಟ್ರಕ್ ಲೋಡ್ ಮಾಡೋಕೆ ಜನ ಬೇಕು, ಬರ್ತೀರಾ?” ಎಂದಳು. ನನಗೆ ನಾಚಿಕೆಯಾಯಿತು. ಅವಳ ಬಗ್ಗೆ ಅಷ್ಟು ಜನ ಅಷ್ಟೊಂದು ಮಾತಾಡಿದ್ದೆವು, ಅವಳನ್ನು ಒಂದು ಮಾತು ಕೇಳಿದವರು ಒಬ್ಬರೂ ಇರಲಿಲ್ಲ.

ಶನಿವಾರ ಒಬ್ಬರಿಗೆ ಸೊಂಟನೋವು, ಇನ್ನೊಬ್ಬರಿಗೆ ಮಗನ ಸಾಕರ್. ಹೋದವನು ನಾನೊಬ್ಬನೇ. ಅವಳ ಮೇಜಿನ ಒಂದು ತುದಿಗೆ ನಾಗರಾಜ, ಇನ್ನೊಂದು ತುದಿಗೆ ನಾನು. ಬಾಗಿಲ ಹತ್ತಿರ ಬಂದಾಗ ನನ್ನ ಬಾಯಿ ಸುಮ್ಮನಿರಬೇಕಲ್ಲ. ಸ್ವಲ್ಪ ಎಡಕ್ಕೆ ವಾಲಿಸಿ, ಕಾಲು ಬಿಚ್ಚಿದ್ದರೆ ಚೆನ್ನಾಗಿತ್ತು, ಅಲ್ಲಿ ಹೋದ ಮೇಲೆ ಕಿಟಕಿಯ ಪಕ್ಕ ಮಾತ್ರ ಇಡಬೇಡಿ ಎಂದು ಶುರುವಿಟ್ಟುಕೊಂಡೆ.

“ಅಂಕಲ್,” ಎಂದಳು ಸುಮಿತ್ರ, “ನೀವು ಬರೀ ಎತ್ತಿ, ಸಾಕು.”

ಎತ್ತಿದೆ. ಭಾರವಾಗಿತ್ತು.